ನೋಡೋಣ ಅಂದ ಸಾಹುಕಾರ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ದೃಷ್ಟಾಂತ ಅಂದಮೇಲೆ ಸಾಹುಕಾರ ಇರಲೇಬೇಕಲ್ಲ, ಅವನಿಲ್ಲದಿದ್ರೆ ನೀವು ಈ ಮಠದಲ್ಲಿ ಪ್ರವಚನ ಕೇಳೋಕೇ ಕೂರಲ್ಲ. ಇವನು ಒಳ್ಳೆಯವನೇ. ಯಾರಿಗೂ 'ಇಲ್ಲ' ಅಂದವನಲ್ಲ. ಏನೇ ಕೇಳಿ, "ನೋಡೋಣ" ಅಂತಿದ್ದ. ಚರಂಡಿ ರಿಪೇರಿ ಮಾಡಿಸಿ ಅಂದ್ರೆ ನೋಡೋಣ. ಮಗಳಿಗೊಂದು ಗಂಡು ಹುಡುಕಿಕೊಡಿ ಅಂದ್ರೆ ನೋಡೋಣ. ಜನಕ್ಕೆ ಅದರ ಅರ್ಥ ಗೊತ್ತಿತ್ತು. ಕೈ ಮುಗಿದು ಮನೆಗೆ ಹೋಗ್ತಿದ್ರು.

ಈ ಸಾಹುಕಾರ ಊರಿನ ಭಜನೆ ಮಂದಿರಕ್ಕೆ ಒಂದು ಮೈಕ್‌ಸೆಟ್ ಕೊಡಿಸಿದ. ದೊಡ್ಡದು. ದೇವರು ಏಳೋದಕ್ಕೆ ಮೊದಲು ಊರೆಲ್ಲ ಎದ್ದು ಕೂರಬೇಕು, ಅಂಥದ್ದು. ಮಂದಿರದ ಎದುರು ಮನೇಲಿ ಅಕ್ಕ, ತಮ್ಮ ಇಬ್ಬರೇ ಇದ್ರು. ತಮ್ಮನಿಗೆ ಮೂವತ್ತು ದಾಟಿತ್ತು. ಅವನಿಗೆ ಆಟಿಸಂ ಇತ್ತು. ನೋಡಿ, ಆಟಿಸಂ ಅಂದ್ರೆ ಹುಚ್ಚಲ್ಲ, ಅಂಟುರೋಗ ಅಲ್ಲ, ಮಾಟ ಅಂತೂ ಅಲ್ಲವೇ ಅಲ್ಲ. ತಾಯಿತ ಕಟ್ಟಿಸ್ಕೊಳ್ಳೋಕೆ ನನ್ನ ಹತ್ರ ಬರಬೇಡಿ. ಹುಟ್ಟಿನಿಂದಲೇ ಮನಸ್ಸು ಕೆಲಸ ಮಾಡೋ ರೀತಿ ಬೇರೆ, ಅಷ್ಟೇ. ಇವನಿಗೆ ಸದ್ದು ಕಿವಿಯೊಳಗೆ ಮೊಳೆ ಹೊಡೆದ ಹಾಗೆ ನೋಯ್ತಿತ್ತು. ಮತ್ತೆ, ಯಾರು ಏನು ಹೇಳಿದ್ರೂ ಹೇಳಿದ ಹಾಗೇ ನಂಬ್ತಿದ್ದ.

ಅವನು ಸಾಹುಕಾರನ ಹತ್ರ ಹೋಗಿ, "ಸದ್ದು ಕಡಿಮೆ ಮಾಡಿ, ಕಿವಿ ನೋಯುತ್ತೆ," ಅಂದ.

"ನೋಡೋಣ ಕಣಪ್ಪ," ಅಂದ ಸಾಹುಕಾರ.

ಮಾರನೇ ದಿನ ಹೋದ. "ನೋಡಿದ್ರಾ?" ಸಾಹುಕಾರ ನಕ್ಕ, ಜಗಲಿ ಮೇಲೆ ಕೂತಿದ್ದೋರೂ ನಕ್ಕರು. ಅದರ ಮಾರನೇ ದಿನವೂ ಹೋದ. ತಿಂಗಳುಗಟ್ಟಲೆ ಹೋದ. ಅಷ್ಟು ತಾಳ್ಮೆ ನಮಗಿದೆಯಾ? ಪ್ರಸಾದದ ಸಾಲಲ್ಲಿ ಹತ್ತು ನಿಮಿಷ ನಿಲ್ಲಲ್ಲ ನಾವು. ಕೊನೆಗೊಂದು ಬೆಳಿಗ್ಗೆ ಅವನು ಹಾರೆ ತಗೊಂಡು ಹೋಗಿ ಮೈಕ್‌ಸೆಟ್ ಒಡೆದ. ತಡೆಯೋಕೆ ಬಂದ ಸಾಹುಕಾರನ ಕೈಗೂ ಏಟು ಬಿತ್ತು, ಮೂಳೆ ಮುರೀತು. ತಪ್ಪೇ. ನಾನು ಅದನ್ನ ಸರಿ ಅಂತಿಲ್ಲ.

ಪೊಲೀಸು ಆಯ್ತು, ಕೋರ್ಟು ಆಯ್ತು. ಕೋರ್ಟು ಅವನನ್ನ ಜೈಲಿಗೆ ಹಾಕಲಿಲ್ಲ, ಒಂದು ಆಸ್ಪತ್ರೆಗೆ ಕಳಿಸ್ತು. ಅಪರಾಧ ಮಾಡಿದೋರನ್ನ ಜೈಲಿನ ಬದಲು ಇಟ್ಕೊಂಡು ಮನಸ್ಸಿಗೆ ಚಿಕಿತ್ಸೆ ಕೊಡೋ ಆಸ್ಪತ್ರೆ. ಅಲ್ಲಿ ಊಟ ಇದೆ, ಮಂಚ ಇದೆ, ಪ್ರತಿ ಬಾಗಿಲಿಗೂ ಬೀಗ ಇದೆ. ಇಷ್ಟು ವರ್ಷ ಅಂತ ಲೆಕ್ಕ ಇಲ್ಲ. ದೊಡ್ಡ ಡಾಕ್ಟರುಗಳ ಸಮಿತಿ ಆಗಾಗ ಕೂರುತ್ತೆ. ಸುಧಾರಿಸಿದ್ದಾನೆ ಅನ್ನಿಸಿದ್ರೆ ಮನೆಗೆ ಬಿಡುತ್ತೆ, ಇಲ್ಲಾಂದ್ರೆ ಇಲ್ಲ.

ಸಮಿತಿ ಕೇಳ್ತು, "ನಿನಗೆ ಪಶ್ಚಾತ್ತಾಪ ಇದೆಯಾ?"

ಇವನು ಮೇಲೆ ತಿರುಗ್ತಿದ್ದ ಫ್ಯಾನ್ ನೋಡ್ತಾ, "ಕೈ ಮುರಿದಿದ್ದಕ್ಕೆ ಇದೆ. ಮೈಕ್ ಒಡೆದಿದ್ದಕ್ಕೆ ಇಲ್ಲ," ಅಂದ.

ಮುಖ ನೋಡಿ ಮಾತಾಡಲ್ಲ, ಸುಧಾರಣೆ ಏನೂ ಇಲ್ಲ ಅಂತ ವಾಪಸ್ ಕಳಿಸಿದ್ರು.

ಪಕ್ಕದ ಮಂಚದಲ್ಲಿ ಒಬ್ಬ ಚಾಲಾಕಿ ಇದ್ದ. "ಲೋ ಪೆದ್ದ, ಹಂಗೆಲ್ಲ ಹೇಳ್ತಾರೇನೋ? ತಲೆ ತಗ್ಗಿಸು, ಅಳು, ತಪ್ಪಾಯ್ತು ಅನ್ನು. ನೋಡ್ತಿರು, ಈ ಸಲ ನಾನು ಮನೆಗೆ," ಅಂದ. ಹಾಗೇ ಅತ್ತ, ಹಾಗೇ ಮನೆಗೆ ಹೋದ. ಇವನೂ ಕಲಿತ. ಮುಂದಿನ ಸಲ ಸಮಿತಿ ಎದುರು ಕೂತು ವಿನಯವಾಗಿ ಕೇಳಿದ: "ನನಗೆ ಅಳೋಕೆ ಹೇಳಿಕೊಟ್ಟಿದ್ದಾರೆ. ಈಗಲೇ ಅಳಬೇಕಾ, ನೀವು ಪ್ರಶ್ನೆ ಕೇಳಿದ ಮೇಲಾ?"

ನೀವು ನಗ್ತೀರಿ. ಸಮಿತಿಯೋರು ನಗಲಿಲ್ಲ. ಸುಳ್ಳು ಹೇಳಿದವನು ಹೊರಗೆ ಹೋದ, ಸುಳ್ಳು ಬರದವನು ಒಳಗೇ ಉಳಿದ.

ಆಮೇಲೆ ಅಲ್ಲಿಗೆ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದ್ರು. ಅವರೇನೂ ಪವಾಡ ಮಾಡಲಿಲ್ಲ. ಗಂಟೆ ಹೊಡೆದಾಗೆಲ್ಲ ಇವನು ಕೂಗಾಡ್ತಿದ್ದ, ಇವನ ವಾರ್ಡಿನಲ್ಲಿ ಅದನ್ನ ಹೊಡೆಯೋದು ನಿಲ್ಲಿಸಿದ್ರು. ನಾಳೆ ಯಾರು ಬರ್ತಾರೆ, ಏನು ಕೇಳ್ತಾರೆ ಅಂತ ಹಿಂದಿನ ದಿನವೇ ತಿಳಿಸಿದ್ರು. ಒಂದು ಪ್ರಶ್ನೆ ಕೇಳಿ, ಉತ್ತರ ಬರೋವರೆಗೂ ಬಾಯಿ ಮುಚ್ಕೊಂಡು ಕೂತ್ರು. ನನ್ನ ಕಣ್ಣು ನೋಡು ಅನ್ನಲಿಲ್ಲ. ಅವನು ಕೂಗಾಡೋದು ನಿಂತೇಹೋಯ್ತು.

"ಸದ್ದಿಗೆ ನೋವಾದ್ರೆ ಏನು ಮಾಡ್ತೀಯಪ್ಪ?"

"ಒಳಗೆ ಹೋಗಿ ಕಿವಿ ಮುಚ್ಕೋತೀನಿ. ಆಮೇಲೆ ನಿಮಗೆ ಹೇಳ್ತೀನಿ."

"ಹೇಳಿದ್ರೆ ನಾನೇನು ಮಾಡ್ತೀನಿ?"

"ಕಡಿಮೆ ಮಾಡಿಸ್ತೀರ."

ಡಾಕ್ಟರಮ್ಮ ಸಮಿತಿಯನ್ನ ಒಪ್ಪಿಸಿದ್ರು. ಒಂದೇ ಷರತ್ತು, ಊರಿನವರು ಬಂದು ಮಂದಿರದ ಹೊಸ ಮೈಕ್‌ಸೆಟ್ಟಿನ ಸದ್ದು ಕಡಿಮೆ ಇಡ್ತೀವಿ ಅಂತ ಮಾತು ಕೊಡಬೇಕು. ಸಾಹುಕಾರನೇ ಬಂದ. ಕೈ ವಾಸಿಯಾಗಿತ್ತು. ಒಳ್ಳೆಯವನು ಅಂದೆನಲ್ಲ, ಬಾಳೆಹಣ್ಣು ತಂದಿದ್ದ. ಮನೆಗೆ ಹೊರಡುವಾಗ ತಮ್ಮ ಹಾಕ್ಕೊಳ್ಳಲಿ ಅಂತ ಅಕ್ಕ ಚೀಲದಲ್ಲಿ ಒಗೆದ ಬಟ್ಟೆ ತಂದಿದ್ದಳು.

"ಮೈಕ್ ಸದ್ದು ಕಡಿಮೆ ಇಡ್ತೀರಾ?" ಡಾಕ್ಟರಮ್ಮ ಕೇಳಿದ್ರು.

"ಅದಕ್ಕೇನಂತೆ, ನೋಡೋಣ."

"ಸಾಹುಕಾರ್ರೇ, ನಿಮ್ಮ ದಮ್ಮಯ್ಯ, ಹೂಂ ಅಂತ ಒಂದು ಮಾತು ಅನ್ನಿ," ಅಂದಳು ಅಕ್ಕ.

"ಅದೇ ಹೇಳಿದ್ನಲ್ಲಮ್ಮ, ನೋಡೋಣ ಅಂತ."

ತಮ್ಮ ಎದ್ದು ನಿಂತ. "ನಾನು ಇಲ್ಲೇ ಇರ್ತೀನಿ."

"ಯಾಕೋ? ಮನೆಗೆ ಬರಲ್ವೇನೋ?"

"ಇವರು ನೋಡೋಣ ಅಂದ್ರೆ ಮಾಡಲ್ಲ, ಅಕ್ಕ. ಮಾಡದಿದ್ರೆ ನಾನು ಮತ್ತೆ ಒಡೀತೀನಿ. ಇವರು ಅಡ್ಡ ಬರ್ತಾರೆ. ಇವರ ಕೈಗೆ ಮತ್ತೆ ನೋವಾಗುತ್ತೆ."

ಅಷ್ಟು ಹೇಳಿ ಬೀಗ ಹಾಕಿದ್ದ ಬಾಗಿಲ ಹತ್ರ ಹೋಗಿ ನಿಂತ. ಹೊರಗೆ ಬರೋಕಲ್ಲ, ಒಳಗೆ ಹೋಗೋಕೆ. ಅಕ್ಕ ಚೀಲ ಹಿಡಕೊಂಡು ಬಸ್ ಹತ್ತಿದಳು.

ಇಷ್ಟೇ ಕಥೆ. ಇದನ್ನ ಹೇಳುವಾಗ ನನಗೆ ಸಿಟ್ಟು ಬರುತ್ತೆ, ಮುಚ್ಚಿಡಲ್ಲ. ಪಶ್ಚಾತ್ತಾಪ ಇದೆಯಾ ಅಂತ ಕೇಳಿದ್ರಲ್ಲ, ಸಾಹುಕಾರನ ಕೈಗೋಸ್ಕರ ತನ್ನ ಮನೆಯನ್ನೇ ಬಿಟ್ಟನಲ್ಲ, ಅದಕ್ಕೇನಂತ ಹೆಸರಿಡ್ತೀರಿ? ಅವನು ಕಲಿಯಬೇಕಾದ್ದನ್ನ ಕಲಿತ. ಬದಲಾಗದೆ ಉಳಿದೋರು ಯಾರು?

ನೀವು ಮಾಡಬೇಕಾದ್ದು ದೊಡ್ಡದೇನಲ್ಲ. ನಿಮ್ಮ ಮನೇಲೋ ಬೀದೀಲೋ ಇಂಥ ಮಗು ಇದ್ರೆ, ಇಂಥ ದೊಡ್ಡೋರು ಇದ್ರೆ, ಮುಖ ನೋಡಲ್ಲ ಅಂತ ಕೆಟ್ಟೋರು ಅನ್ನಬೇಡಿ. ನಿನಗೆ ಏನು ನೋಯುತ್ತೆ ಅಂತ ಕೇಳಿ, ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ಆಗೋದಾದ್ರೆ ಆಗುತ್ತೆ ಅನ್ನಿ, ಮಾಡಿ. ಆಗದಿದ್ರೆ ಆಗಲ್ಲ ಅನ್ನಿ, ಆ ನೋವನ್ನಾದ್ರೂ ಅವರು ತಿಳ್ಕೊಂಡು ಅನುಭವಿಸಲಿ. ಹಾರೆ ಕೈಗೆ ಬರೋವರೆಗೂ ಕಾಯಿಸಬೇಡಿ.

ಇನ್ನೊಂದು. ಈ ಮಠದ ಮೇಲಿರೋ ಮೈಕಿನ ಹಾರ್ನುಗಳು ಹಿಂದಿನ ಬೀದಿ ಕಡೆ ಮುಖ ಮಾಡಿವೆ. ಕೇಳೋಕೆ ಬಂದ ನೀವು ಇಲ್ಲಿದ್ದೀರಿ. ಆ ಬೀದೀಲಿ ಒಬ್ಬ ತಾಯಿ ಈಗ ಮಗನ ಕಿವಿ ಎರಡೂ ಕೈಯಿಂದ ಮುಚ್ಚಿ ಕೂತಿದ್ದಾಳೆ. ಮಠದ ಕಮಿಟಿಯವರೇ, ಅವಳು ನಿಮ್ಮನ್ನ ಕೇಳಿದ್ದೂ ನನಗೆ ಗೊತ್ತು, ನೀವು ಏನಂದ್ರಿ ಅನ್ನೋದೂ ಗೊತ್ತು. ಈಗ ನಾನು ಕೇಳ್ತಿದ್ದೀನಿ, ಎಲ್ಲರ ಎದುರಿಗೆ. ಆ ಹಾರ್ನುಗಳನ್ನ ನಾಳೆ ಬಿಚ್ಚಿಸ್ತೀರಾ, ಇಲ್ವಾ? ಎರಡರಲ್ಲಿ ಒಂದು ಹೇಳಿ. ಅಲ್ಲಿಯವರೆಗೂ ಮಂಗಳಾರತಿ ಇಲ್ಲ.