ಊಟಕ್ಕೆ ಕರೆಯುವ ಹೊತ್ತು

ಕೊರೊನಾ ವರ್ಷ. ಜಯಪುರದ ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ನಿಂತಿದ್ದೆವು. ನನ್ನ ಮುಂದಿದ್ದ ಇಬ್ಬರು ಹೆಂಗಸರು ಮಾಸ್ಕ್ ಹಾಕಿಕೊಂಡು, ಇದ್ದಲ್ಲಿಂದಲೇ ಜೋರಾಗಿ ಮಾತಾಡುತ್ತಿದ್ದರು. ಕೇಳಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

“ನಾಳೆ ಎಸ್‌ಡಿಎಂಸಿ ಮೀಟಿಂಗಲ್ಲಿ ಶಾಲೆ ಬಾಗಿಲು ತೆಗೀರಿ ಅಂತೀಯಂತೆ, ಭಾಗ್ಯ?”

“ಹೌದು ರೇವತಕ್ಕ. ನಾನು ತೋಟದ ಕೆಲಸಕ್ಕೆ ಹೋದ್ರೆ ಅಮೂಲ್ಯಾ ಒಬ್ಳೇ ಮನೇಲಿ.”

“ಮಕ್ಕಳು ಕಾಯಿಲೆ ತಂದ್ರೆ ಎಂತ ಮಾಡೋದು ಮಾರಾಯ್ತಿ? ನಮ್ಮನೇಲಿ ಅತ್ತೆ ಇದಾರೆ. ಹೇಗೂ ಫೋನಲ್ಲಿ ಕ್ಲಾಸ್ ನಡೀತಿದ್ಯಲ್ಲ.”

“ಕ್ಲಾಸ್ ಮುಗಿದ್ರೂ ನಮ್ಮ ಅಮೂಲ್ಯಾ, ನಿಮ್ಮ ನಯನ ಫೋನ್ ಇಡೋದಿಲ್ಲ ಅಕ್ಕ. ಕಾಲ್ ಸಂಜೆವರೆಗೂ ಹಾಗೇ ಇರುತ್ತೆ.”

“ಅಷ್ಟೊತ್ತು ಎಂತ ಮಾತಾಡ್ತವೆ?”

“ಮಾತೇನೂ ಇಲ್ಲ. ಇವಳು ಫೋನ್ ಗೋಡೆಗೆ ಒರಗಿಸಿ ಕೂತಿರ್ತಾಳೆ. ನಿಮ್ಮನೆ ಸದ್ದು ಕೇಳ್ತಿದ್ರೆ ಸಾಕಂತೆ.”

“ನಮ್ಮನೇಲಿ ಎಂತ ಸದ್ದು? ಕುಕ್ಕರ್ ಕೂಗತ್ತೆ, ಅತ್ತೆ ಬೈತಾರೆ.”

“ಅದೇ. ನಿಮ್ಮತ್ತೆ ‘ನಯನಾ, ಊಟಕ್ಕೆ ಬಾರೇ’ ಅಂತ ಕೂಗಿದ್ರೆ, ಇಲ್ಲಿ ಇವಳು ಎದ್ದು ಅನ್ನ ಹಾಕ್ಕೊಳ್ತಾಳೆ. ಇಲ್ಲದಿದ್ರೆ ಸಂಜೆ ನಾನು ಬಂದಾಗ ಅನ್ನ ಹಾಗೇ ಇರುತ್ತೆ.”

ರೇವತಿಗೆ ಒಳಗಿಂದ ಕರೆ ಬಂತು, ಹೋದರು. ಅಕ್ಕಿ ಚೀಲ ಹೊತ್ತು ವಾಪಸ್ ಬಂದವರು ಭಾಗ್ಯಳ ವೃತ್ತದ ಅಂಚಿನಲ್ಲಿ ನಿಂತರು.

“ಶಾಲೆ ಬೇಡ ಅಂತಲೇ ನಾನು ಹೇಳೋದು, ಭಾಗ್ಯ.”

“ಹೇಳಿ ಅಕ್ಕ. ನಿಮ್ಮ ಕಷ್ಟ ನಿಮಗೆ.”

ರೇವತಿ ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಕೂಗಿ ಹೇಳಿದರು:

“ಅತ್ತೆಗೆ ಹೇಳ್ತೀನಿ, ಇವತ್ತಿಂದ ಇಬ್ಬರ ಹೆಸರೂ ಹಿಡಿದು ಕರೀಲಿ.”