ಇಂಗ್ಲಿಷ್ ಓದಬಲ್ಲ ದೆವ್ವ

“ಹಲೋ… ಹಲೋ? ಯಾರ್ರಿ ಮಾತಾಡೋದು?… ಹಾಂ?… ಹೂಂರಿ, ನಾಕ್ನೂರಾ ಎರಡ. ಶೈಲಶ್ರೀ ನಾನು. ತಾವ್ ಯಾರು?… ಪಾರ್ಸೆಲ್ ಇದ್ರ ಗೇಟಿನಾಗ ಇಟ್ಟು ಹೋಗಪ್ಪಾ, ನನ್ನ ಕೈಯೆಲ್ಲಾ ಹಿಟ್ಟೈತಿ.”

“… ಅಯ್ಯ! ರಾಯರಾ? ಜಯತೀರ್ಥ ರಾಯರಾ?… ತಪ್ಪಾತ್ರಿ ಕಾಕಾರ, ತಪ್ಪಾತು. ಈ ನಂಬರು ನನ್ನ ಕಡೆ ಇರಲಿಲ್ಲ… ಲ್ಯಾಂಡ್‌ಲೈನಾ? ಇನ್ನೂ ಐತೇನ್ರಿ ನಿಮ್ಮನ್ಯಾಗ?… ಇಲ್ಲಿಲ್ಲ, ಹೇಳ್ರಿ, ಹೇಳ್ರಿ.”

ಜಯತೀರ್ಥ ರಾಯರೆಂದರೆ ತೆಲುಗು ಸೀಮೆಯ ಮಿಯಾಪುರದ ಆ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಿಂದ ನಿವೃತ್ತರಾಗಿದ್ದರೂ ರಕ್ಷಣೆಯ ಚಟ ಬಿಟ್ಟಿರಲಿಲ್ಲ. ಲಿಫ್ಟನ್ನು ಮಕ್ಕಳಿಂದ, ಹುಲ್ಲನ್ನು ನಾಯಿಗಳಿಂದ, ಆಟದ ಜಾಗವನ್ನು ತೆಲುಗು, ಕನ್ನಡ, ಹಿಂದಿಗಳಿಂದ ರಕ್ಷಿಸುತ್ತ ದಿನ ಕಳೆಯುತ್ತಿದ್ದರು. ಭಾನುವಾರ ಬೆಳಗ್ಗೆ ಅವರ ಫೋನು ಬಂತೆಂದರೆ ಯಾರದೋ ಗ್ರಹಚಾರ ಕೆಟ್ಟಿದೆ ಎಂದೇ ಅರ್ಥ. ಶೈಲಶ್ರೀ ಕೈಯನ್ನು ಸೆರಗಿಗೇ ಒರೆಸಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಲೆಯ ಉರಿ ಸಣ್ಣ ಮಾಡಿದಳು.

“… ಬಾಗಲಾ? ಯಾರ ಬಾಗಲಾ?… ನಿಮ್ಮನಿದು. ಹಾಂ. ಏನಾತ್ರಿ ಬಾಗಲಕ?… ಬರದಾರಾ? ಸ್ಕೆಚ್ ಪೆನ್ನಿಲೆ? ಏನ್ ಬರದಾರ?… ಬ್ಯಾಸರಾಗಬ್ಯಾಡ್ರಿ, ಇನ್ನೊಮ್ಮೆ ಹೇಳ್ರಿ… ‘ಕಮ್ ಟುಮಾರೋ’?”

ಇದು ಎಲ್ಲಿಂದ ಬಂತೆಂದು ಹೊಳೆದು ಶೈಲಶ್ರೀ ಗಾಬರಿಯಾದಳು. ಮರುಕ್ಷಣವೇ, ಹೇಳಿಕೊಳ್ಳುವಂಥದ್ದಲ್ಲ, ಒಂದು ಬಗೆಯ ಖುಷಿಯೂ ಆಯಿತು.

“… ರಾಯರ, ಸಿಟ್ಟಾಗಂಗಿಲ್ಲ ಅಂದ್ರ ಒಂದು ಕೇಳ್ತೀನಿ. ಸ್ಪೆಲಿಂಗ್ ಹೆಂಗೈತ್ರಿ?… ಅಲ್ರಿ, ಟುಮಾರೋದ್ದು. ಎಂ ಎಷ್ಟದಾವ? ಒಂದಾ? ಆರ್ ಎರಡ ಅದಾವಲ್ಲ?… ಅಯ್ಯ ನನ್ನ ಬಂಗಾರಗಳ!… ಇಲ್ರಿ, ನಗಾಕತ್ತಿಲ್ಲ. ಕೆಮ್ಮು. ಹಿಟ್ಟು ಹಾರ್ತು.”

“… ಹೂಂರಿ, ನನ್ನ ಟ್ಯೂಷನ್ ಹುಡುಗ್ರ ಇರಬೇಕು, ಸುಳ್ಳ್ಯಾಕ ಹೇಳ್ಲಿ… ನಿನ್ನೆ ಸಂಜಿಕ ಕತಿ ಹೇಳಿದ್ದೆ… ದೆವ್ವದ ಕತಿ… ಹಾಂ, ದೆವ್ವದ್ದ, ಇಂಗ್ಲಿಷಿನಾಗ. ನಮ್ಮ ಕಡೆ ಬಾಗಲಕ ‘ನಾಳೆ ಬಾ’ ಅಂತ ಬರೀತಿದ್ರಲ್ರಿ, ಅದ. ಇಲ್ಲಿ ತೆಲುಗಿನವರೂ ‘ರೇಪು ರಾ’ ಅಂತ ಬರೀತಿದ್ರಂತ. ದೆವ್ವ ಬಂದು ತಾಯಿ ಧ್ವನಿಲೆ ಕರೀತೈತಿ. ಬಾಗಲದ ಮ್ಯಾಲ ನಾಳೆ ಬಾ ಅಂತ ಇರತೈತಿ. ಓದಿ ಹೊಳ್ಳಿ ಹೋಗತೈತಿ. ಮರದಿನ ಬಂದ್ರ ಮತ್ತ ಅದ. ಪಾಪ, ಭಾಳ ಪ್ರಾಮಾಣಿಕ ದೆವ್ವರಿ ಅದು.”

“… ಯಾಕ ಹೇಳಿದಿ ಅಂದ್ರ ಏನ್ ಹೇಳ್ಲಿ? ಎಷ್ಟು ಸಣ್ಣ ಸಣ್ಣ ಮಾತು ನೋಡ್ರಿ. ‘ಘೋಸ್ಟ್ ಕಮ್ಸ್. ಘೋಸ್ಟ್ ನಾಕ್ಸ್. ಮದರ್ ಸೇಸ್, ಕಮ್ ಟುಮಾರೋ. ಘೋಸ್ಟ್ ಗೋಸ್.’ ಮುಗೀತು ಕತಿ. ಸಾಲ್ಯಾಗ ಎರಡು ವರ್ಷ ಆಪಲ್ ಆಪಲ್ ಅಂತ ಒದರಿಸ್ಯಾರ. ಆಪಲ್ಲಿಗೆ ಯಾರು ಅಂಜತಾರ್ರಿ? ಅಂಜಿದ್ರ ನೋಡ್ರಿ, ಮಾತು ತಾನ ಹೊರಗ ಬರತೈತಿ. ‘ಮಿಸ್, ಘೋಸ್ಟ್ ನೋ ಇಂಗ್ಲಿಷ್?’ ಅಂತ ಕೇಳ್ತು ಒಂದು. ದೆವ್ವಕ್ಕ ಇಂಗ್ಲಿಷ್ ಬರತೈತೇನು ಅಂತ. ಮಿಯಾಪುರದ ದೆವ್ವಕ್ಕ ಬರಲಿಲ್ಲಂದ್ರ ಹೆಂಗಪಾ ಅಂದೆ… ಅದ ತಪ್ಪಾತು ನೋಡ್ರಿ.”

“… ನಿಮ್ಮದೊಂದ ಅಲ್ಲಾ?… ಬ್ಲಾಕ್ ಪೂರಾ?… ಒಂದ್ ನಿಮಿಷ ತಡೀರಿ… ಏನ್ರಿ, ನಮ್ಮ ಬಾಗಲದ ಮ್ಯಾಲೂ ಏನರ ಬರದಾರೇನ್ ನೋಡ್ರಿ?… ಐತಂತ್ರಿ ರಾಯರ. ನಮ್ಮನೆಯವ್ರು ಮುಂಜಾನೆ ಹಾಲು ತಗೊಂಡು ಬಂದಾಗ ಓದಿ, ಸ್ವಲ್ಪ ಹೊತ್ತು ಹೊರಗ ನಿಂತಿದ್ರಂತ. ತಮ್ಮ ಮನಿ, ಕಿಸೆದಾಗ ಕೀಲಿ. ಯಾಕ ನಿಂತ್ರಿ ಅಂದ್ರ, ‘ಬರದಿತ್ತಲ್ಲ’ ಅಂತಾರ! ನಾಚಾರಂ ಫ್ಯಾಕ್ಟರಿ ಕೆಲಸದಾಗ ‘ನೋ ಎಂಟ್ರಿ’ ಬೋರ್ಡ್ ಓದಿ ಓದಿ ಹಿಂಗಾಗ್ಯಾರ್ರಿ.”

“… ಗ್ಯಾಸಿನವ? ಸಿಲಿಂಡರ್ ಹೊತ್ಕೊಂಡು ಮ್ಯಾಲಿನ ತನಕ ಬಂದು, ಓದಿ, ಹೊಳ್ಳಿ ಹೋದ್ನಾ? ಬೆಲ್ ಒತ್ತಲಿಲ್ಲಾ?… ಇಂಗ್ಲಿಷಿನಾಗ ಬರದಾರಂದ್ರ ಆಫೀಸಿಂದ ಆರ್ಡರ್ ಇರಬೇಕು ಅಂದ್ನಾ! ಶಿವನೇ.”

“… ಗಂಗೂಬಾಯಿನೂ? ಕೆಲಸದಾಕಿಗೆ ಇಂಗ್ಲಿಷ್ ಎಲ್ಲಿ ಬರತೈತ್ರಿ?… ವಾಚ್‌ಮನ್ನನ ಕಡಿಂದ ಓದಿಸಿ… ಹಾಂ… ಎಲ್ಲಾ ಮನಿ ಬಾಗಲಾ ಓದಿಸಿಕೊಂಡು, ಖುಷೀಲೆ ಕೈ ಮುಗದು ಹೋದ್ಲಾ?… ಇಲ್ಲಪ್ಪಾ, ನಗೂದಿಲ್ಲ. ನಮ್ಮ ಭಾಂಡಿನೂ ಹಂಗ ಬಿದ್ದಾವ.”

ಆ ಕಟ್ಟಡದ ಜನ ಸಾಮಾನ್ಯದವರಲ್ಲ. ಲಿಫ್ಟಿನೊಳಗೆ ‘ಇಲ್ಲಿ ಉಗುಳಬೇಡಿ’ ಎಂದು ತೆಲುಗಿನಲ್ಲಿ ಬರೆದಿದ್ದಾಗ ಅದರ ಮೇಲೇ ಉಗುಳಿದವರು, ಅದನ್ನೇ ಇಂಗ್ಲಿಷಿನಲ್ಲಿ ಬರೆದ ದಿನದಿಂದ ಜೇಬಿನಲ್ಲಿ ಕರವಸ್ತ್ರ ಇಟ್ಟುಕೊಂಡು ಓಡಾಡುತ್ತಿದ್ದರು.

“… ಐದನೇ ಮಾಳಿಗಿಯವ್ರಾ? ಕೊಂಡಾಪುರದ ಆಫೀಸಿಗೆ ಹೋಗೂ ಗಂಡ ಹೆಂಡ್ತಿ? ಅವ್ರದೇನ್ ತಕರಾರು?… ದೆವ್ವ ಇರಲಿ, ಆದ್ರ ಲೋಕಲ್ ದೆವ್ವ ಬ್ಯಾಡಾ?… ಫಾರಿನ್ನಿನಾಗ ಕುಂಬಳಕಾಯಿಗೆ ಕಣ್ಣು ಕೊರದು ಒಳಗ ದೀಪ ಇಡ್ತಾರಲ್ಲ, ಆ ಥರದ್ದು ಹೇಳಿಕೊಡ್ಬೇಕಂತಾ?… ಅಲ್ರಿ, ನಾವು ಬಾಗಲಕ ಕುಂಬಳಕಾಯಿ ಕಟ್ಟೂದ ದೆವ್ವ ಬರಬಾರದಂತ. ಅವ್ರು ಬರಲಿ ಅಂತ ಇಡೂದು. ಒಂದ ಬಾಗಲಕ ಎರಡೂ ಇಟ್ರ ದೆವ್ವ ಏನ್ ತಿಳಕೋಬೇಕು?”

“… ಯಾರು? ನಿಮ್ಮ ಬೀಗರಾ?… ಪ್ರಹ್ಲಾದ ರಾಯರಾ? ನಿಮ್ಮ ಸೊಸಿ ತಂದಿ?… ರಾಯಚೂರಿಂದ ಬೆಳಗಿನ ಗಾಡಿಗೆ ಬಂದು… ಬಾಗಲದ ಮುಂದ ನಿಂತು… ಓದಿ… ಅಯ್ಯಯ್ಯ.”

“… ಹೌದ್ರಿ, ಕನ್ನಡದಾಗ ಇದ್ದಿದ್ರ ಬಾಗಲಾ ಬಡದು ಜಗಳಾ ತಗೀತಿದ್ರು. ಇಂಗ್ಲಿಷಿನಾಗ ಇತ್ತಂತ ಮರ್ಯಾದಿಲೆ ಹೊಳ್ಳಿ ಹೋಗ್ಯಾರ… ಈಗೆಲ್ಲದಾರ?… ಮೆಟ್ರೋ ಸ್ಟೇಷನ್ನಿನಾಗ ಕುಂತಾರಾ? ಫೋನ್ ಎತ್ತವಲ್ರಾ?… ನಿಮ್ಮನೆಯವ್ರು, ಕಮಲಾಕ್ಷಿ ಕಾಕು, ಕರಿಯಾಕ ಹೋಗ್ಯಾರಾ? ಚೊಲೋ ಆತು. ಕಾಕು ಮುಂದ ಯಾರ ಸಿಟ್ಟು ನಿಂತೈತ್ರಿ? ಬರತಾರ ತಗೋರಿ.”

“… ಏನಂದ್ರಿ?… ಟ್ಯೂಷನ್ ಬಂದ್ ಮಾಡ್ಬೇಕಾ?”

ಅಲ್ಲಿಗೆ ಅವಳ ನಗು ನಿಂತಿತು. ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಬಂದವಳು ಶೈಲಶ್ರೀ. ಇಲ್ಲಿನ ಶಾಲೆಗಳು ಅವಳ ಅಂಕ ನೋಡಿ ಕರೆದವು, ಮಾತು ಕೇಳಿ ಕಳಿಸಿದವು. ಇಂಗ್ಲಿಷು ಸರಿಯಿದೆ, ರಾಗ ಹಳ್ಳಿಯದು ಎಂಬುದು ಅವರ ಅಡ್ಡಿ. ಕೊನೆಗೆ ಅವಳು ಮನೆಯ ಹಾಲ್‌ನಲ್ಲೇ ಚಾಪೆ ಹಾಸಿ ಬ್ಲಾಕಿನ ಸಣ್ಣ ಮಕ್ಕಳನ್ನು ಕೂಡಿಸಿಕೊಂಡಳು. ರಾಗದ ವಿಷಯದಲ್ಲಿ ಆ ಮಕ್ಕಳದು ಏನೂ ತಕರಾರಿರಲಿಲ್ಲ.

“… ರಾಯರ, ಒಂದ್ ಮಾತು ಕೇಳ್ರಿ. ಈ ಬಿಲ್ಡಿಂಗಿನಾಗ ನನಗ ಹೆಸರಿಲ್ಲ. ನಾಕ್ನೂರಾ ಎರಡು ಅಂತೀರಿ. ಈಗ ಫೋನ್ ಎತ್ತಿದಾಗ ನೀವೂ ಹಂಗ ಅಂದ್ರಿ. ಆ ಹುಡುಗ್ರು ಮಾತ್ರ ನನಗ ಮಿಸ್ ಅಂತಾವ. ಸಂಜಿಕ ಚಪ್ಪಲ್ ಬಿಟ್ಟು ಓಡಿ ಬರತಾವ. ನನಗಿರೂದು ಅದೊಂದ್ರಿ. ಅದನ್ನ ಕಸಗೋಬ್ಯಾಡ್ರಿ…”

“… ನೋಟಿಸ್ ಕಳಿಸಿಬಿಟ್ರಾ? ಸಂಘದ ಗ್ರೂಪಿನಾಗ? ಆಗಲೇ?… ತಡೀರಿ, ನೋಡ್ತೀನಿ… ‘ಟ್ಯೂಷನ್ ಕ್ಲೋಸ್ಡ್ ಫ್ರಂ ಟುಮಾರೋ.’ ತಾರೀಖ ಹಾಕಿಲ್ಲಲ್ರಿ?… ಅಲ್ಲ, ಇವತ್ತು ಓದಿದ್ರ ನಾಳಿಂದ ಬಂದ್. ನಾಳೆ ಓದಿದ್ರೂ ನಾಳಿಂದ. ಬಂದ್ ಆಗೂದ್ಯಾವಾಗ?… ವಾದ ಮಾಡವಲ್ಲೆ, ಕೇಳಾಕತ್ತೀನಿ. ಮತ್ತ… ಹೇಳ್ಲೋ ಬ್ಯಾಡೋ… ಟುಮಾರೋಕ್ಕ ಎಂ ಎರಡು ಹಾಕೀರಿ. ಒಂದ ಸಾಕ್ರಿ… ನಿಮ್ಮ ಬಾಗಲದ ಮ್ಯಾಲ ಬರೋಬರಿ ಐತಿ, ಬೇಕಂದ್ರ ಎದ್ದು ನೋಡಿ ಬರ್ರಿ.”

“… ನೀತಿ ಕತಿನಾ? ಹೇಳೀನ್ರಿ. ಆಮಿ, ಮೊಲ, ಸಿಂಹ, ಎಲ್ಲಾ ಹೇಳಿ ಮುಗಸೀನಿ. ಆಕಳಿಸ್ತಾವ್ರಿ ಹುಡುಗ್ರು. ಮತ್ತ ಸಿಟ್ಟಿಗೇಳಬ್ಯಾಡ್ರಿ, ಆಟದ ಜಾಗದಾಗ ಇಂಗ್ಲಿಷ್ ಮಾತ್ರ ಅಂತ ಬೋರ್ಡ್ ಹಾಕಿಸಿದವ್ರು ಯಾರು?… ನೀವ. ಅವತ್ತಿಂದ ಅಲ್ಲಿ ಗದ್ದಲಿಲ್ಲ ಅಂತ ನೀವು ಖುಷಿ ಆಗೀರಿ. ಗದ್ದಲ ಎಲ್ಲಿಂದ ಬರಬೇಕ್ರಿ, ಹುಡುಗ್ರು ಮೂಕ ಆಗ್ಯಾವ! ಜಾರಬಂಡಿಯಿಂದ ಬಿದ್ರೂ ಯವ್ವಾ ಅನ್ನಂಗಿಲ್ಲ. ಇಂಗ್ಲಿಷಿನಾಗ ಯವ್ವಾಗ ಏನಂತಾರ ಅಂತ ವಿಚಾರ ಮಾಡ್ತಾ ಕುಂದರ್ತಾವ.”

“… ನಿಮ್ಮ ಮೊಮ್ಮಗಳನ್ನ ನೋಡ್ರಿ. ಮಾನ್ಯಾ ಇಂಗ್ಲಿಷಿನಾಗ ಒಂದಾರ ಮಾತಾಡಿದ್ದು ಕೇಳೀರೇನು?… ನಾನೂ ಕೇಳಿಲ್ಲ. ಮನ್ಯಾಗ ಪಟಪಟ ಕನ್ನಡಾ, ಸಾಲ್ಯಾಗ ಬಾಯಿಗೆ ಬೀಗ. ಎಲ್ಲಾ ಬರೀತಾಳ, ಬಾಯಿ ತಗಿಯಂಗಿಲ್ಲ. ನನ್ನ ಮನಿಗೆ ಬಂದ್ರೂ ಮೂಲಿ ಹಿಡದು ಕುಂದರ್ತಾಳ. ನಿನ್ನೆ ದೆವ್ವ ಬಾಗಲಾ ಬಡದಾಗ ಮೊದಲನೇ ಸಲ ಎದ್ದು ನನ್ನ ಬಾಜೂಕ ಬಂದು ಕುಂತ್ಲು. ಅಷ್ಟಕ್ಕ ನನಗ ಭಾಳ ಖುಷಿ ಆಗಿತ್ತು…”

“… ಆಕಿ ಹಂಗೆಲ್ಲಾ ಬಾಗಲದ ಮ್ಯಾಲ ಬರಿಯೂ ಹುಡುಗಿ ಅಲ್ಲಾ?… ನಾ ಹಂಗ ಅಂದ್ನೇನ್ರಿ?… ಅಲ್ಲೇ ಅದಾಳಲ್ಲ, ಕೇಳ್ರಿ ಒಮ್ಮೆ. ಮೆತ್ತಗ ಕೇಳ್ರಿ.”

ಆ ತುದಿಯಲ್ಲಿ ರಾಯರ ದನಿ ಮೆತ್ತಗೆ ಶುರುವಾಯಿತು. ಬಹಳ ಹೊತ್ತು ಮೆತ್ತಗೆ ಉಳಿಯಲಿಲ್ಲ.

“… ಏನಂದ್ಲು?… ಹೂಂ ಅಂದ್ಲಾ? ಎಲ್ಲಾ ಬಾಗಲಾನೂ ಆಕೀನ?… ಮುಂಜಾನೆ ಸೈಕಲ್ ಆಡಾಕ ಇಳದಾಗ? ಉಳದ ಹುಡುಗ್ರು?… ಅವು ಸ್ಟೂಲ್ ಹಿಡದಿದ್ವಾ!… ಯಾಕ ಬರದಾಳಂತ?… ದೆವ್ವ ಯಾರ ಮನಿಗೂ ಬರಬಾರದಂತಾ?… ಅಯ್ಯ, ಕೂಸ.”

“… ಬೈಬ್ಯಾಡ್ರಿ. ರಾಯರ, ಬೈಬ್ಯಾಡ್ರಿ… ಒದರಬ್ಯಾಡ್ರಿ, ಕೂಸು ಅಂಜತೈತಿ. ನನಗ ಬೈರಿ, ಟ್ಯೂಷನ್ ಬಂದ್ ಮಾಡಂದ್ರ ಮಾಡ್ತೀನಿ, ಆಕಿಗೊಂದು ಬೈಬ್ಯಾಡ್ರಿ… ರಾಯರ, ಕೇಳಾಕತ್ತೈತಾ?”

“… ಯಾರದು? ಈಗ ಯಾರು ಚೀರಿದ್ದು?… ಮಾನ್ಯಾನಾ?… ಏನಂದ್ಲು? ನನಗ ಬರೋಬರಿ ಕೇಳಸಲಿಲ್ಲ, ಇನ್ನೊಮ್ಮೆ… ‘ಅಜ್ಜಾ, ಗೋ ಯೆಸ್ಟರ್ಡೇ’?”

ಶೈಲಶ್ರೀ ಅಡುಗೆ ಕಟ್ಟೆಗೆ ಆನಿಕೊಂಡು ನಿಂತಳು. ಕಣ್ಣು ತುಂಬಿತು, ನಗುವೂ ತಡೆಯಲಾಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವಳು ಅತ್ತ ನೋಡಲೂ ಇಲ್ಲ.

“… ನಿಲ್ರಿ, ನಿಲ್ರಿ, ಅದು ಉದ್ಧಟತನ ಅಲ್ರಿ! ಅಂದ್ರ… ಉದ್ಧಟತನ ಹೌದು, ಆದ್ರ ಇಂಗ್ಲಿಷ್ ಐತ್ರಿ! ಅದನ್ನ ನಾ ಹೇಳಿಕೊಟ್ಟಿಲ್ಲ. ಕತ್ಯಾಗೂ ಇಲ್ಲ. ಕಮ್ ತಗದು ಗೋ ಹಾಕ್ಯಾಳ, ಟುಮಾರೋ ತಗದು ಯೆಸ್ಟರ್ಡೇ ಹಾಕ್ಯಾಳ. ತಾನ ಕಟ್ಟ್ಯಾಳ್ರಿ ಮಾತು, ತಾನ! ಯಾರದೂ ಗಿಳಿಪಾಠ ಅಲ್ಲ. ನಿಮಗ ತಿಳಿಯಾಕತ್ತೈತೇನ್ರಿ?”

“… ಹಾಂ?… ಶುದ್ಧ ಐತೇನು ಅಂತ ಕೇಳ್ತೀರಾ?… ಶುದ್ಧ ಐತ್ರಿ. ಗ್ರಾಮರ್ ಬರೋಬರಿ ಐತಿ, ಒಂದೂ ತಪ್ಪಿಲ್ಲ. ನಿಮಗ ಹೋಗಾಕ ಆಗಂಗಿಲ್ಲ, ಅಷ್ಟ.”

ಆ ತುದಿಯಲ್ಲಿ ರಾಯರು ಮೂಗು ಏರಿಸಿದ ಸದ್ದು ಕೇಳಿತು. ಮೊಮ್ಮಗಳು ತಮ್ಮನ್ನು ನಿನ್ನೆಗೆ ಅಟ್ಟಿದಳೆಂಬ ಅವಮಾನ ಒಂದು ಕಡೆ, ಇಂಗ್ಲಿಷಿನಲ್ಲಿ ಅಟ್ಟಿದಳೆಂಬ ಹೆಮ್ಮೆ ಇನ್ನೊಂದು ಕಡೆ. ಯಾವುದು ಗೆಲ್ಲುತ್ತದೆ ಎಂಬುದರಲ್ಲಿ ಆ ಕಟ್ಟಡವನ್ನು ಬಲ್ಲವರಿಗೆ ಅನುಮಾನ ಇರಲಾರದು.

“… ಅಳಾಕತ್ತೀರಾ ರಾಯರ?… ನೆಗಡಿನಾ? ಆತು ಬಿಡ್ರಿ. ನನಗೂ ಅದ ಆಗೈತಿ.”

“… ನೋಟಿಸ್ ತಗೀತೀರಾ? ಗ್ರೂಪಿನಾಗಿಂದ? ಖರೇನ?… ಈಗನಾ?… ಶರಣ್ರಿ ಕಾಕಾರ. ಬಾಗಲಾ ಎಲ್ಲಾ ನಾ ಒರಸ್ತೀನಿ, ಹುಡುಗ್ರ ಕೈಲೆ ಒರಸ್ತೀನಿ, ಇವತ್ತ… ನಿಮ್ಮದು ಬ್ಯಾಡಾ? ಹಂಗ ಇರಲಿ?… ಮಾನ್ಯಾ ಬರದದ್ದಂತ ಫೋಟೋ ಹಿಡೀಬೇಕಾ? ಹಿಡೀರಿ, ಹಿಡೀರಿ.”

“… ಬೆಲ್ ಆತಲ್ರಿ ನಿಮ್ಮನ್ಯಾಗ?… ಕಾಕು ಬಂದ್ರಾ? ಬೀಗರೂ ಬಂದ್ರಾ? ಸಿಟ್ಟು ಇಳದೈತೇನ್ರಿ ಪ್ರಹ್ಲಾದ ರಾಯರದ್ದು?… ಇನ್ನೂ ಇಲ್ಲಾ? ಹೊಸ್ತಿಲ ಹೊರಗ ನಿಂತಾರಾ?… ಒಳಗ ಕರೀರಿ ಮೊದಲ… ಏನು? ಏನಂದ್ರಿ?… ಮಾನ್ಯಾನ ಕಡಿಂದ ಬೀಗರ ಮುಂದ ‘ಗೋ ಯೆಸ್ಟರ್ಡೇ’ ಅನಸ್ತೀರಾ?… ಅಯ್ಯ ರಾಯರ, ಬ್ಯಾಡ್ರಿ! ಅವರಿಗೆ ಅದು ಬ್ಯಾಡ್ರಿ! ಏ ಮಾನ್ಯಾ, ಬಾಗಲಕ ಹೋಗಬ್ಯಾಡ ಕೂಸ… ರಾಯರ, ಅವರೂ ಇಂಗ್ಲಿಷ್ ಪಾಲಿಸೋರ ಅದಾರ್ರಿ, ರಾಯಚೂರಿಗೆ ಹೋಗಿಬಿಡ್ತಾರ… ಹಲೋ? ಹಲೋ, ರಾಯರ?… ಹಲೋ?”

ಲೈನು ಕಟ್ಟಾಗಿತ್ತು.