ಇಲಿಗೆ ಇಟ್ಟ ಮೀನು

ಮೀನಿನ ಕಥೆ ಅಂತ ಮೂಗು ಮುರಿಯಬೇಡಿ, ಮುಂದಿನ ಸಾಲಿನವರೇ. ಕೇಳಿ.

ಒಂದು ಬಂದರಲ್ಲಿ ಒಬ್ಬ ಬೋಟಿನ ಸಾಹುಕಾರ ಇದ್ದ. ಹೆಸರು ಬೇಡ, ನಿಮ್ಮಲ್ಲೇ ಯಾರಾದರೂ ಹೆಗಲು ಮುಟ್ಟಿ ನೋಡಿಕೊಂಡಾರು. ಅವನಿಗೆ ಇಬ್ಬರು ವೈರಿಗಳು. ಸಮುದ್ರದಲ್ಲಿ ತಾಟೆ ಮೀನು, ಶಾರ್ಕಿನ ಜಾತಿಯದ್ದೇ, ಮೊಳದುದ್ದದ ಸಣ್ಣದು. ದಡದಲ್ಲಿ ಇಲಿ. ನೋಡಿ, ಎರಡಕ್ಕೂ ಬಲ ಅಂತ ಇರುವುದು ಹಲ್ಲು. ಅದು ನೀರಲ್ಲಿ ಬಲೆ ಹರಿಯುತ್ತದೆ, ಇದು ಶೆಡ್ಡಿನಲ್ಲಿ ಬಲೆ ಕಡಿಯುತ್ತದೆ. ಅದು ಸಿಕ್ಕಿಬಿದ್ದು ಜೀವ ಉಳಿಸಿಕೊಳ್ಳಲು ಹರಿಯುತ್ತದೆ, ಇದು ಬೆಳೆಯುವ ಹಲ್ಲು ಸವೆಸಲು ಕಡಿಯುತ್ತದೆ. ಸಾಹುಕಾರನಿಗೆ ಆ ವ್ಯತ್ಯಾಸ ಯಾಕೆ? ಎರಡೂ ಕಳ್ಳ ಜಾತಿ ಅಂದುಬಿಟ್ಟ.

ಆ ಶೆಡ್ಡು ಗುಡಿಸುವವಳು ಬುದವಂತಿ. ಮಗಳು ಹೆತ್ತು ಮಲಗಿದ್ದಳು, ಎದೆಯಲ್ಲಿ ಹಾಲಿಲ್ಲ, ಕೂಸು ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಬಾಣಂತಿಗೆ ತಾಟೆ ಸಾರು ಕೊಟ್ಟರೆ ಹಾಲು ಇಳಿಯುತ್ತದೆ ಅನ್ನುವುದು ಆ ಕಡೆಯ ನಂಬಿಕೆ. ಒಂದೇ ಒಂದು ತಾಟೆ ಕೊಡಿ ಒಡೆಯಾ ಅಂತ ಕೇಳಿದಳು. ಇವತ್ತು ನಿನಗೆ ಕೊಟ್ಟರೆ ನಾಳೆ ಕೇರಿಗೆ ಕೇರಿಯೇ ಬಂದು ನಿಲ್ಲುತ್ತದೆ ಅಂತ ಗದರಿಸಿ ಕಳಿಸಿದ.

ಅದೇ ಸಂಜೆ ಅವನಿಗೊಂದು ಉಪಾಯ ಹೊಳೆಯಿತು. ತಾಟೆಯ ತುಂಡುಗಳಿಗೆ ಪಾಷಾಣ ಸವರಿ ಬಲೆಗಳ ನಡುವೆ ಇಟ್ಟ. ಒಬ್ಬ ಕಳ್ಳನಿಂದಲೇ ಇನ್ನೊಬ್ಬ ಕಳ್ಳನನ್ನು ಮುಗಿಸುತ್ತೇನೆ ಅಂತ ನಕ್ಕ. ಗುಡಿಸುವವಳಿಗೆ ಒಂದು ಮಾತು ಹೇಳಿದನೇ? ಇಲ್ಲ. ಇಲಿ ನೆನಪಾಯಿತು, ಅವಳು ನೆನಪಾಗಲಿಲ್ಲ.

ಬೆಳಿಗ್ಗೆ ಬುದವಂತಿ ಕಂಡಳು. ಕೇಳಿದಾಗ ಇಲ್ಲ ಅಂದ ಮೀನು, ನೆಲದ ಮೇಲೆ ಬಿದ್ದಿದೆ. ಸೆರಗಲ್ಲಿ ಕಟ್ಟಿಕೊಂಡು ಹೋದಳು, ತೊಳೆದಳು, ಸಾರು ಮಾಡಿ ಮಗಳಿಗೆ ಕುಡಿಸಿದಳು. ಮಧ್ಯಾಹ್ನಕ್ಕೆ ಮಗಳು ಹೋದಳು. ಕೂಸು ಉಳಿಯಿತು.

ಸಾಹುಕಾರ ಏನಂದ ಗೊತ್ತೇ? "ಅದನ್ನ ಇಲಿಗೆ ಅಂತ ಇಟ್ಟಿದ್ದೆ. ಇವಳಿಗೆ ಅಂತ ಇಟ್ಟಿರಲಿಲ್ಲ."

ಸತ್ಯವನ್ನೇ ಹೇಳಿದ, ಮಾರಾಯ್ರೆ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ.

ತಲೆ ಅಲ್ಲಾಡಿಸುತ್ತಿದ್ದೀರಿ, ಪಾಪಿ ಅನ್ನುತ್ತಿದ್ದೀರಿ. ಸ್ವಲ್ಪ ತಡೆಯಿರಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ ನಿನ್ನೆ ಏನು ಕೊಟ್ಟಿರಿ? ಹಳಸಿತೋ ಏನೋ ಅಂತ ಮೂಸಿ ನೋಡಿ, ನಮಗೆ ಬೇಡ ಅನಿಸಿದ ಮೇಲೆ ತಾನೆ ಅವಳ ನೆನಪಾದದ್ದು? ಎಸೆಯಬೇಕಾದದ್ದನ್ನು ಕೊಟ್ಟು ದಾನ ಅನ್ನುತ್ತೀರಿ. ನಾಚಿಕೆಯಾಗಬೇಕು. ನಾಳೆ ಅನ್ನ ಇಳಿಸಿದ ಕೂಡಲೇ, ನೀವು ಉಣ್ಣುವ ಮೊದಲು, ಬಿಸಿಯಲ್ಲೇ ಅವಳ ಪಾಲು ತೆಗೆದಿಡಿ. ಅವಳು ಬಾಯಿಬಿಟ್ಟು ಕೇಳಲಿ ಅಂತ ಕಾಯಬೇಡಿ. ಬುದವಂತಿ ಒಂದು ಸಲ ಕೇಳಿದ್ದಳು. ಎರಡನೇ ಸಲ ಕೇಳಲಿಲ್ಲ.